ಸ್ಕ್ರೂ ತಿರುಗಿಸುವ ಮುಂಚೆ: ಬ್ರಷ್ ಕಟರ್, ಪವರ್ ವೀಡರ್‌ಗಳ ಕಾರ್ಬ್ಯುರೇಟರ್ ತೊಂದರೆಗಳು

ಮೂರು ವರ್ಷದ ಹಿಂದಿನ ಮಾತು. ದೊಡ್ಡಉಳ್ಳಾರ್ತಿಯ ನಮ್ಮ ದಾಳಿಂಬೆ ತೋಟದಲ್ಲಿ ಸಾಲಿನ ನಡುವಿನ ಹುಲ್ಲು ಹೊಡೀತಿದ್ದೆ. ಬ್ರಷ್ ಕಟರ್ ಯಾಕೋ ಮಂಕಾಗಿತ್ತು. ಪೂರ್ತಿ ರೇಸ್ ಕೊಟ್ಟರೂ ಗುರುಗುರು ಅಂತ ಕೆಮ್ಮುತ್ತೆ, ಹೊಗೆ ಜಾಸ್ತಿ, ದಪ್ಪ ಹುಲ್ಲು ಸಿಕ್ಕರೆ ನಿಂತೇ ಬಿಡುತ್ತೆ. ಕಾರ್ಬ್ಯುರೇಟರ್ ಮಗ್ಗುಲಲ್ಲಿ ‘ಎಚ್’ ಅಂತ ಗುರುತಿದ್ದ ಪುಟ್ಟ ಸ್ಕ್ರೂ ಕಾಣಿಸಿತು. ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಎಂಜಿನ್ ಹಾಡಿದಂಗೆ ಓಡೋಕೆ ಶುರುವಾಯ್ತು. ನಾನೇ ಮೆಕ್ಯಾನಿಕ್ ಆದೆ ಅಂತ ಬೀಗಿದೆ. ಎರಡು ದಿನ ಬಿಟ್ಟು, ಬಿಡುವಾಯ್ತಲ್ಲ ಅಂತ ಏರ್ ಫಿಲ್ಟರ್ ಬಿಚ್ಚಿ ತೊಳೆದು ಹಾಕಿದೆ. ಅವತ್ತು ಮಧ್ಯಾಹ್ನ ಎಂಜಿನ್ ಕೀಚಲು ದನಿ ತೆಗೆದು ಓಡಿತು. ಇಪ್ಪತ್ತು ನಿಮಿಷಕ್ಕೆ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಜಗ್ಗಲೇ ಇಲ್ಲ. ಪಿಸ್ಟನ್ ಸೀಜ್ ಆಗಿತ್ತು.

ಪಿಸ್ಟನ್, ಸಿಲಿಂಡರ್, ಕೂಲಿ ಸೇರಿ ನಾಲ್ಕು ಸಾವಿರದ ಹತ್ತಿರ ಬಂತು. ಅದಕ್ಕಿಂತ ಹೆಚ್ಚು ನೋವಾಗಿದ್ದು ಆ ಹತ್ತು ದಿನ ಮಿಷನ್ ಇಲ್ಲದೆ ಕಳೆದಿದ್ದು. ಕಾರಣ ಆಮೇಲೆ ತಿಳೀತು. ಮೊದಲಿಂದಲೂ ಇದ್ದ ತೊಂದರೆ ಒಂದೇ: ಫಿಲ್ಟರ್‌ನಲ್ಲಿ ಧೂಳು ತುಂಬಿ ಗಾಳಿ ಸಾಲುತ್ತಿರಲಿಲ್ಲ. ಗಾಳಿ ಕಡಿಮೆಯಾದ್ದರಿಂದ ಪೆಟ್ರೋಲ್ ಪಾಲು ಜಾಸ್ತಿಯಾಗಿ ಕೆಮ್ಮುತ್ತಿತ್ತು. ನಾನು ಗಾಳಿಗೆ ದಾರಿ ಬಿಡೋದು ಬಿಟ್ಟು ಪೆಟ್ರೋಲ್ ಕಡಿಮೆ ಮಾಡಿದೆ. ಆಮೇಲೆ ಫಿಲ್ಟರ್ ತೊಳೆದಾಗ ಗಾಳಿ ಪೂರ್ತಿ ಬಂತು, ಪೆಟ್ರೋಲ್ ಮಾತ್ರ ಕಡಿಮೆಯೇ ಉಳೀತು. ಟೂ-ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಬರೋದೇ ಪೆಟ್ರೋಲ್ ಜೊತೆಯಲ್ಲಿ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖ ಮಾತ್ರ ಜಾಸ್ತಿ. ಎರಡೂ ಕೆಲಸ ನಾನು ಮಾಡಿದ್ದು ಸರಿಯೇ, ಮಾಡಿದ ಸರದಿ ತಪ್ಪು.

ಹಾಗಾಗಿ ಈ ವಾರದ ಪಾಠ ಆ ಸರದಿಯದ್ದು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಈಗ ಸಬ್ಸಿಡಿಯಲ್ಲಿ ಬಂದ ವೀಡರ್, ಬ್ರಷ್ ಕಟರ್, ಪವರ್ ಸ್ಪ್ರೇಯರ್ ಹಳ್ಳಿ ಹಳ್ಳಿಯಲ್ಲೂ ಇವೆ. ಅರ್ಧಕ್ಕರ್ಧ ಕೊಟ್ಟಿಗೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿರುತ್ತವೆ. “ಸ್ಟಾರ್ಟೇ ಆಗಲ್ಲ ಕಣಣ್ಣ, ಕಾರ್ಬೇಟ್ರು ಹೋಗೈತೆ” ಅಂತಾರೆ. ಬಿಚ್ಚಿ ನೋಡಿದರೆ ಕಾರ್ಬ್ಯುರೇಟರ್ ಹೋಗಿರಲ್ಲ, ಒಳಗೆ ಹಳೇ ಪೆಟ್ರೋಲ್ ಅಂಟಾಗಿ ಕೂತಿರುತ್ತೆ, ಅಷ್ಟೇ.

ನಮ್ಮಂಥ ಸಾವಯವದವರಿಗೆ ಇದು ಸಣ್ಣ ವಿಷಯ ಅಲ್ಲ. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಪುನರ್ವಸುವಿಗೆ ಶೇಂಗಾ ಬಿತ್ತಿದರೆ ಪುಷ್ಯ, ಆಶ್ಲೇಷದ ಹೊತ್ತಿಗೆ ಕಳೆ ಬೆಳೆಗಿಂತ ಮುಂದಿರುತ್ತೆ. ಶೇಂಗಾಕ್ಕೆ ಮೊದಲ 45 ದಿನ ಕಳೆ ಇರಬಾರದು. ಹೂವಾಗಿ ಕಾಯಿಯ ಸೂಜಿ ನೆಲಕ್ಕೆ ಇಳಿಯೋಕೆ ಶುರುವಾದ ಮೇಲೆ ವೀಡರ್ ಹಾಕೋ ಹಾಗಿಲ್ಲ. ಅಂದ್ರೆ ಎರಡು ಮಳೆ ನಡುವೆ, ಹದ ಇರೋ ನಾಲ್ಕೈದು ದಿನ ಮಾತ್ರ ನಮ್ಮ ಕೈಯಲ್ಲಿ. ಆ ಹೊತ್ತಿಗೆ ಮಿಷನ್ ಕೈಕೊಟ್ಟರೆ, ಆಳು ಸಿಗದಿದ್ದರೆ, ಕಳೆನಾಶಕದ ಡಬ್ಬಿ ಕಡೆ ಕಣ್ಣು ಹೋಗುತ್ತೆ. ಐದು ವರ್ಷ ವಿಷ ಹಾಕದೆ ಉಳಿಸಿಕೊಂಡ ಹೊಲ ಒಂದು ಕಸ ಕಟ್ಟಿದ ಜೆಟ್‌ನಿಂದ ಹಾಳಾಗಬಾರದಲ್ಲ?

ಡ್ರಿಪ್‌ನ ವೆಂಚುರಿ ಗೊತ್ತಿದ್ದರೆ ಕಾರ್ಬ್ಯುರೇಟರ್ ಗೊತ್ತಿದ್ದಂತೆ

ಡ್ರಿಪ್ ಹಾಕಿಸಿದವರ ಮನೆಯಲ್ಲೆಲ್ಲ ವೆಂಚುರಿ ಇರುತ್ತೆ. ಪೈಪು ಒಂದು ಕಡೆ ಕಿರಿದಾಗುತ್ತೆ, ಅಲ್ಲಿ ನೀರಿನ ವೇಗ ಹೆಚ್ಚುತ್ತೆ, ಒತ್ತಡ ಕುಸಿಯುತ್ತೆ, ಆ ಕಡೆಯ ಸಣ್ಣ ನಳಿಕೆ ಡ್ರಮ್ಮಿನಿಂದ ಸೋಸಿದ ಜೀವಾಮೃತ ಎಳ್ಕೊಳ್ಳುತ್ತೆ. ಕಾರ್ಬ್ಯುರೇಟರ್ ಕೂಡ ಅದೇ. ನೀರಿನ ಬದಲು ಗಾಳಿ, ಜೀವಾಮೃತದ ಬದಲು ಪೆಟ್ರೋಲ್. ಪಿಸ್ಟನ್ ಎಳೆದ ಗಾಳಿ ಕಿರಿದಾದ ಗಂಟಲಲ್ಲಿ ರಭಸವಾಗಿ ಹೋಗುವಾಗ ಸಣ್ಣ ತೂತಿನಿಂದ ಪೆಟ್ರೋಲ್ ಎಳೆದು ತುಂತುರು ಮಾಡುತ್ತೆ. ಆ ತೂತಿಗೇ ಜೆಟ್ ಅನ್ನೋದು.

ಡ್ರಿಪ್‌ನಲ್ಲಿ ನಾವು ಪಡೋ ಪಾಡೂ ಇಲ್ಲಿ ಒಂದೇ. ಸೋಸದೆ ಬಿಟ್ಟರೆ ಕಟ್ಟಿಕೊಳ್ಳುತ್ತೆ. ಎಲ್ಲೋ ಗಾಳಿ ಸೋರಿದರೆ ಎಳೆಯಲ್ಲ.

ಒಂದು ತೂಕದ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ತೂಕದ ಗಾಳಿ ಬೇಕು. ಪೆಟ್ರೋಲ್ ಪಾಲು ಇದಕ್ಕಿಂತ ಹೆಚ್ಚಾದರೆ ಮೆಕ್ಯಾನಿಕ್‌ಗಳು ‘ರಿಚ್’ ಅಂತಾರೆ, ಕಡಿಮೆಯಾದರೆ ‘ಲೀನ್’. ರಿಚ್ ಆದರೆ ಹೊಗೆ, ಕಪ್ಪು ಪ್ಲಗ್, ದಂಡ ಖರ್ಚು. ಲೀನ್ ಆದರೆ ಶಾಖ, ಕೊನೆಗೆ ಸೀಜ್. ಯಾವ ಕಡೆ ತಪ್ಪಿದರೂ ಪರವಾಗಿಲ್ಲ ಅನ್ನೋ ಹಾಗಿಲ್ಲ, ಆದರೆ ತಪ್ಪಲೇಬೇಕು ಅಂದ್ರೆ ರಿಚ್ ಕಡೆಗೆ ತಪ್ಪಿ.

ನಮ್ಮ ಹೊಲದಲ್ಲಿ ಸಿಗೋ ಕಾರ್ಬ್ಯುರೇಟರ್ ಎರಡು ಜಾತಿ. ಪವರ್ ವೀಡರ್, ನೀರೆತ್ತೋ ಪೆಟ್ರೋಲ್ ಪಂಪ್‌ಗಳ ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ ಫ್ಲೋಟ್ ಇರುತ್ತೆ. ಕೆಳಗೆ ಪುಟ್ಟ ಬಟ್ಟಲು, ಅದರಲ್ಲಿ ತೇಲೋ ಫ್ಲೋಟ್, ಅದಕ್ಕೊಂದು ಸೂಜಿ ವಾಲ್ವ್. ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ಇದ್ದಂಗೆ, ಬಟ್ಟಲು ತುಂಬಿದರೆ ಪೆಟ್ರೋಲ್ ನಿಲ್ಲುತ್ತೆ. ಬ್ರಷ್ ಕಟರ್, ಮರ ಕೊಯ್ಯೋ ಚೈನ್‌ಸಾ ಇವನ್ನು ಹೇಗೆ ಬೇಕಾದರೂ ವಾಲಿಸಿ ಹಿಡೀತೀವಲ್ಲ, ಅಲ್ಲಿ ತೇಲೋ ಫ್ಲೋಟ್ ನಡೆಯಲ್ಲ. ಅದಕ್ಕೆ ತೆಳ್ಳನೆ ರಬ್ಬರ್ ಹಾಳೆಯ ಡಯಾಫ್ರಂ ಇಟ್ಟಿರ್ತಾರೆ. ಒಂದು ಡಯಾಫ್ರಂ ಎಂಜಿನ್ನಿನ ಒಳಗಿನ ಒತ್ತಡದ ಮಿಡಿತದಿಂದ ಪಂಪ್ ಮಾಡುತ್ತೆ, ಇನ್ನೊಂದು ಅಳತೆ ನೋಡಿ ಬಿಡುತ್ತೆ. ಈ ಹಾಳೆ ಬಿರುಸಾದರೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನ ಇಲ್ಲ.

ಮೊದಲು ಪೆಟ್ರೋಲ್ ನೋಡಿ

ಒಂದು ಪಾರದರ್ಶಕ ಬಾಟಲಿಗೆ ಟ್ಯಾಂಕಿನ ಪೆಟ್ರೋಲ್ ಬಸಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಹುಳಿ ಹುಳಿ ಬಣ್ಣದ ವಾಸನೆ ಬಂದರೆ ಹಳೇದು. ಎರಡೂ ಚೆಲ್ಲೋದೇ. (ಹೊಲಕ್ಕೆ ಚೆಲ್ಲಬೇಡಿ.)

ಇದು ಈಗ ಮುಂಚಿಗಿಂತ ಮುಖ್ಯ. ಬಂಕಿನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಶೇ 20ರ ಮಿಶ್ರಣಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು, ಈಗ ಎಲ್ಲ ಕಡೆ ಅದೇ. ಕಬ್ಬು, ಮೆಕ್ಕೆಜೋಳದ ರೈತರಿಗೆ ಒಳ್ಳೇದೇ ಆಗಿರಬಹುದು, ಆ ಚರ್ಚೆ ಇಲ್ಲಿ ಬೇಡ. ನಮ್ಮ ಸಣ್ಣ ಎಂಜಿನ್‌ಗೆ ಅದರಿಂದ ಮೂರು ತೊಂದರೆ. ಎಥನಾಲ್ ಗಾಳಿಯ ತೇವ ಹೀರುತ್ತೆ, ಹೆಚ್ಚಾದಾಗ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ಹಳೇ ಮಾದರಿಯ ರಬ್ಬರ್ ಪೈಪು, ಡಯಾಫ್ರಂ ಬೇಗ ಬಿರುಸಾಗುತ್ತವೆ ಇಲ್ಲವೇ ಉಬ್ಬುತ್ತವೆ. ಮೂರನೇದು, ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರೋದರಿಂದ ಅದೇ ಜೆಟ್‌ನಲ್ಲಿ ಎಂಜಿನ್ ಸ್ವಲ್ಪ ಲೀನ್ ಆಗಿ ಓಡುತ್ತೆ. ಎಷ್ಟೋ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಎಥನಾಲ್ ಶೇ 10ರವರೆಗೆ ಮಾತ್ರ ಅಂತ ಬರೆದಿರುತ್ತೆ. ನಿಮ್ಮದರಲ್ಲಿ ಏನಿದೆ ಅಂತ ಒಮ್ಮೆ ತೆಗೆದು ನೋಡಿ, ಆ ಪುಸ್ತಕ ಸಾಮಾನ್ಯವಾಗಿ ಪಹಣಿ ಕಟ್ಟಿನ ಜೊತೆ ಇರುತ್ತೆ.

ನಾನು ಮಾಡೋದು ಇಷ್ಟು: ಒಂದು ಸಲಕ್ಕೆ ಒಂದೆರಡು ಲೀಟರ್ ಮಾತ್ರ ತರ್ತೀನಿ, ಮುಚ್ಚಳ ಬಿಗಿಯಿರೋ ಕ್ಯಾನಿನಲ್ಲಿ ನೆರಳಲ್ಲಿ ಇಡ್ತೀನಿ, ಒಂದು ತಿಂಗಳೊಳಗೆ ಮುಗಿಸ್ತೀನಿ. ಉಳಿದದ್ದು ಬೈಕಿಗೆ. ಟೂ-ಟಿ ಎಣ್ಣೆ ಬೆರೆಸಿದ್ದನ್ನು ಇನ್ನೂ ಕಡಿಮೆ, ಆ ವಾರಕ್ಕೆ ಬೇಕಾದಷ್ಟೇ.

ಎಣ್ಣೆ ಅಂದಾಗ ನೆನಪಾಯ್ತು. 50ಕ್ಕೆ 1 ಅಂದ್ರೆ ಲೀಟರಿಗೆ 20 ಮಿ.ಲೀ., 40ಕ್ಕೆ 1 ಅಂದ್ರೆ 25 ಮಿ.ಲೀ., 25ಕ್ಕೆ 1 ಅಂದ್ರೆ 40 ಮಿ.ಲೀ. ಯಾವುದು ಅಂತ ಮಿಷನ್ ಮೇಲೆಯೇ ಬರೆದಿರುತ್ತೆ. ಮುಚ್ಚಳದ ಅಂದಾಜು ಬೇಡ. ದನಕ್ಕೆ ಇಂಜೆಕ್ಷನ್ ಕೊಡೋ ದೊಡ್ಡ ಸಿರಿಂಜ್ ಒಂದನ್ನು ಇದಕ್ಕೇ ಅಂತ ಇಟ್ಕೊಳ್ಳಿ. “ಎಣ್ಣೆ ಸ್ವಲ್ಪ ಜಾಸ್ತಿ ಇದ್ರೆ ಎಂಜಿನ್‌ಗೆ ತಂಪು” ಅಂತ ಎರಡರಷ್ಟು ಹಾಕೋರಿದ್ದಾರೆ. ಜೆಟ್‌ನಿಂದ ಹೋಗೋ ಒಟ್ಟು ದ್ರವ ಅಷ್ಟೇ. ಅದರಲ್ಲಿ ಎಣ್ಣೆ ಹೆಚ್ಚಾದಷ್ಟು ಪೆಟ್ರೋಲ್ ಕಡಿಮೆ. ಅಂದ್ರೆ ಎಣ್ಣೆ ಹೆಚ್ಚಿಸಿ ನೀವು ಎಂಜಿನ್ನನ್ನು ಲೀನ್ ಮಾಡಿದಿರಿ, ಮೇಲೆ ಸೈಲೆನ್ಸರ್‌ಗೆ ಮಸಿಯನ್ನೂ ಕಟ್ಟಿದಿರಿ. ಬೈಕಿನ ಫೋರ್-ಸ್ಟ್ರೋಕ್ ಎಂಜಿನ್ ಆಯಿಲ್ ಬೆರೆಸೋದಂತೂ ಬೇಡವೇ ಬೇಡ.

ಆಮೇಲೆ ಗಾಳಿ, ಮುಚ್ಚಳ, ಪ್ಲಗ್

ಆಷಾಢದ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತೆ ಅಂತ ಬೇರೆ ಹೇಳಬೇಕಿಲ್ಲ. ಮಸಾರೆ ಹೊಲದ ಕೆಂಪು ಧೂಳು ಹಿಟ್ಟಿನಷ್ಟು ನುಣುಪು. ಕೈಪಿಡಿಯಲ್ಲಿ ಫಿಲ್ಟರ್‌ಗೆ ಎಷ್ಟು ಗಂಟೆಗೊಮ್ಮೆ ಅಂತ ಬರೆದಿದ್ದರೂ ನಮಗೆ ಅದು ಹೊಂದಲ್ಲ. ಕೆಲಸ ಇರೋ ದಿನ ಸಂಜೆ ತೆಗೆದು ನೋಡೋದೇ ಸರಿ. ಸ್ಪಾಂಜ್ ಆದರೆ ಸೋಪಿನ ನೀರಲ್ಲಿ ಹಿಸುಕಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಫೋರ್-ಸ್ಟ್ರೋಕ್‌ನದಾದರೆ ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಕೂರಿಸಿ. ಹಿಂಡಬೇಕು, ಇಲ್ಲಾಂದ್ರೆ ಎಣ್ಣೆಯೇ ಗಾಳಿ ತಡೆಯುತ್ತೆ. ಕಾಗದದ ಫಿಲ್ಟರ್ ತೊಳೆಯೋ ಹಾಗಿಲ್ಲ, ಮೆಲ್ಲಗೆ ತಟ್ಟಿ. ಹರಿದಿದ್ದರೆ ಬದಲಿಸಿ. ಫಿಲ್ಟರ್ ಇಲ್ಲದೆ ಹೊಲದಲ್ಲಿ ಒಂದು ದಿನವೂ ಓಡಿಸಬೇಡಿ. ಆ ಧೂಳು ಸಿಲಿಂಡರಿಗೆ ಉಪ್ಪುಕಾಗದ ಉಜ್ಜಿದಂಗೆ.

ಒಂದು ಸುಲಭ ಪರೀಕ್ಷೆ ಇದೆ. ಮನೆ ಮುಂದೆ, ಧೂಳಿಲ್ಲದ ಕಡೆ, ಫಿಲ್ಟರ್ ತೆಗೆದು ಅರ್ಧ ನಿಮಿಷ ಓಡಿಸಿ ನೋಡಿ. ಕೆಮ್ಮು ನಿಂತು ಸರಿಯಾಗಿ ಓಡಿದರೆ ತಪ್ಪು ಫಿಲ್ಟರಿನದೇ. ಇಷ್ಟು ನಾನು ಅವತ್ತು ಮಾಡಿದ್ದರೆ ನಾಲ್ಕು ಸಾವಿರ ಉಳೀತಿತ್ತು.

ಟ್ಯಾಂಕಿನ ಮುಚ್ಚಳ ಯಾರೂ ನೋಡಲ್ಲ. ಅದರಲ್ಲಿ, ಕೆಲವು ಬ್ರಷ್ ಕಟರ್‌ಗಳಲ್ಲಿ ಟ್ಯಾಂಕಿನ ಮೇಲೆ ಬೇರೆಯಾಗಿ, ಗಾಳಿಯಾಡೋ ಸಣ್ಣ ದಾರಿ ಇರುತ್ತೆ. ಧೂಳು, ಎಣ್ಣೆ ಸೇರಿ ಅದು ಮುಚ್ಚಿದರೆ ಟ್ಯಾಂಕಿನೊಳಗೆ ಗಾಳಿ ಇಳಿಯಲ್ಲ, ಪೆಟ್ರೋಲ್ ಬರೋದು ನಿಲ್ಲುತ್ತೆ. ಗುರುತು ಹೀಗೆ: ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತೆ. ನಿಂತ ಕೂಡಲೇ ಮುಚ್ಚಳ ಸಡಿಲ ಮಾಡಿ. ‘ಉಸ್’ ಅಂದು ಆಮೇಲೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ ಹಾಗೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲದಂತೆ ನೋಡ್ಕೊಳ್ಳಿ, ಬೀಡಿ ಸೇದೋ ಅಭ್ಯಾಸ ಇದ್ದೋರು ಅದನ್ನು ಮುಗಿಸಿ ಬನ್ನಿ.

ಬ್ರಷ್ ಕಟರ್ ಟ್ಯಾಂಕಿನ ಒಳಗೆ ಪೈಪಿನ ತುದಿಯಲ್ಲಿ ಗುಂಡು ಫಿಲ್ಟರ್ ಒಂದಿದೆ. ಬಗ್ಗಿಸಿದ ತಂತಿಯಿಂದ ಹೊರಗೆ ಎಳೆಯಿರಿ. ಕಪ್ಪಾಗಿದ್ದರೆ ಹೊಸದು ಹಾಕಿ, ಅದು ಒಂದು ಊಟದ ದುಡ್ಡಿಗೆ ಸಿಗುತ್ತೆ. ಪ್ರೈಮರ್ ಬಲ್ಬನ್ನು, ಅಂದ್ರೆ ಸ್ಟಾರ್ಟ್ ಮಾಡೋ ಮುಂಚೆ ಒತ್ತೋ ಆ ಗುಳ್ಳೆಯನ್ನು, ಒತ್ತಿ ನೋಡಿದರೂ ಗೊತ್ತಾಗುತ್ತೆ. ಒತ್ತಿದ ಮೇಲೆ ಮೇಲಕ್ಕೇಳದೆ ಚಪ್ಪಟೆಯಾಗಿ ಉಳಿದರೆ ಟ್ಯಾಂಕ್ ಕಡೆ ಕಟ್ಟಿದೆ. ಎದ್ದರೂ ಪೆಟ್ರೋಲ್ ತುಂಬದೆ ಬರೀ ಗುಳ್ಳೆ ಬಂದರೆ ಪೈಪು ಎಲ್ಲೋ ಸೀಳಿದೆ.

ಪ್ಲಗ್ ಬಿಚ್ಚಿ ತುದಿ ನೋಡಿ. ಹುರಿದ ಕಡಲೆಯ ಕಂದು ಬಣ್ಣ ಇದ್ದರೆ ಮಿಶ್ರಣ ಸರಿ. ಒಣ ಮಸಿಯಂತೆ ಕಪ್ಪಾದರೆ ರಿಚ್. ಒದ್ದೆಯಾಗಿ ಎಣ್ಣೆ ಹತ್ತಿದ್ದರೆ ಎಣ್ಣೆ ಜಾಸ್ತಿ ಇಲ್ಲವೇ ಚೋಕ್ ಹಾಕಿ ತುಂಬ ಎಳೆದಿದ್ದೀರಿ. ಸುಣ್ಣದಂತೆ ಬೆಳ್ಳಗಿದ್ದರೆ ಲೀನ್, ತಕ್ಷಣ ಓಡಿಸೋದು ನಿಲ್ಲಿಸಿ. ಪ್ಲಗ್ ತೂತಿಗೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟು ಪ್ಲಗ್ ಹಾಕಿ ಎಳೆಯಿರಿ. ಎರಡು ಸೆಕೆಂಡ್ ಹೊಡೆದು ನಿಂತರೆ ಕಿಡಿ ಇದೆ, ಪೆಟ್ರೋಲ್ ಬರ್ತಿಲ್ಲ ಅಂತ ಅರ್ಥ. ಹೊಡೆಯಲೇ ಇಲ್ಲ ಅಂದ್ರೆ ಕಾರ್ಬ್ಯುರೇಟರ್ ಮುಟ್ಟೋಕೆ ಹೋಗಬೇಡಿ, ಪ್ಲಗ್, ಕಾಯಿಲ್ ಕಡೆ ನೋಡಿ.

ಸೈಲೆನ್ಸರ್‌ನ ಬಾಯಲ್ಲಿ ಸಣ್ಣ ಜಾಲರಿ ಇದ್ದರೆ ಅದನ್ನೂ ನೋಡಿ. ಮಸಿ ಕಟ್ಟಿ ಹೊಗೆಗೆ ದಾರಿ ಇಲ್ಲದಿದ್ದರೆ ಥೇಟ್ ಕಾರ್ಬ್ಯುರೇಟರ್ ಕೆಟ್ಟಂಗೇ ಇರುತ್ತೆ.

ಬಿಚ್ಚಿ ತೊಳೆಯೋದು

ಇಷ್ಟೆಲ್ಲ ಸರಿ ಇದ್ದೂ ಪೆಟ್ರೋಲ್ ಬರದಿದ್ದರೆ ಈಗ ಕಾರ್ಬ್ಯುರೇಟರ್ ಸರದಿ. ವೀಡರ್‌ನದು ಸುಲಭ. ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ತಳದ ಬೋಲ್ಟ್ ಬಿಚ್ಚಿ. ತಳದಲ್ಲಿ ಹಸಿರು ಅಂಟು, ಬಿಳಿ ಪುಡಿ, ನೀರಿನ ಹನಿ ಏನಿದೆ ನೋಡಿ. ಅರ್ಧದಷ್ಟು ಸಲ ಇಲ್ಲಿಗೇ ಮುಗಿಯುತ್ತೆ. ಮುಗಿಯದಿದ್ದರೆ ಫ್ಲೋಟ್‌ನ ಪಿನ್ ಜಾರಿಸಿ ಫ್ಲೋಟ್, ಸೂಜಿ ತೆಗೆಯಿರಿ, ನಡುವಿನ ಹಿತ್ತಾಳೆ ಜೆಟ್ ಬಿಚ್ಚಿ. ಹಗುರ ಅಂತ ಅಂದಾಜಿಗೆ ಬಿಚ್ಚಬೇಡಿ, ಹಿತ್ತಾಳೆ ಮೆತ್ತಗೆ. ತುದಿ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಇರಲಿ. ಜೆಟ್ ಎತ್ತಿ ಸೂರ್ಯನ ಬೆಳಕಿಗೆ ಹಿಡಿದರೆ ದುಂಡನೆ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಡಿ, ಪಂಕ್ಚರ್ ಅಂಗಡಿ ಗಾಳಿಯಿಂದ ಊದಿಸಿ. ಸೂಜಿ, ಸೇಫ್ಟಿ ಪಿನ್ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ಕೆಡುತ್ತೆ. ತೀರಾ ಬೇಕಾದರೆ ಮೀನು ಗಾಳದ ಸಣ್ಣ ನೈಲಾನ್ ದಾರ ಸಾಕು.

ಒಂದು ಕಡೆ ಕಾವಲಿನ ಮೇಲೆ ಡಿಆರ್‌ಡಿಒದವರ ಡ್ರೋನ್ ಹಾರುತ್ತಿರುತ್ತೆ, ಇನ್ನೊಂದು ಕಡೆ ನಾನು ಕಟ್ಟೆ ಮೇಲೆ ಕೂತು ಜೆಟ್ ಊದುತ್ತಿರ್ತೀನಿ. ಅಜ್ಜ ಒಬ್ಬರು ನೋಡಿ, “ಓದಿದ್ದು ಇದಕ್ಕೇನಪ್ಪ?” ಅಂದಿದ್ದರು. ಅವರ ಮಿಷನ್ನೂ ಆಮೇಲೆ ಅದೇ ಕಟ್ಟೆಗೆ ಬಂತು.

ವೀಡರ್‌ನಲ್ಲಿ ಪೆಟ್ರೋಲ್ ಕಾರ್ಬ್ಯುರೇಟರ್‌ನಿಂದ ತೊಟ್ಟಿಕ್ಕುತ್ತಿದ್ದರೆ ಸೂಜಿ ವಾಲ್ವ್ ಮುಚ್ಚುತ್ತಿಲ್ಲ ಅಂತ. ಕಸ ಸಿಕ್ಕಿರಬಹುದು, ಇಲ್ಲವೇ ಸೂಜಿಯ ತುದಿ ಸವೆದಿರುತ್ತೆ. ಇದನ್ನು ಹಾಗೇ ಬಿಡಬೇಡಿ. ಪೆಟ್ರೋಲ್ ಮೆಲ್ಲಗೆ ಸಿಲಿಂಡರ್ ಮೂಲಕ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತೆ. ಆಯಿಲ್ ಕಡ್ಡಿ ತೆಗೆದಾಗ ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ವೀಡರ್ ಹಾಕ್ಕೊಂಡು ಹೋಗುವಾಗ ಕಾಕ್ ಮುಚ್ಚದೇ ಇದ್ದರೂ ಕುಲುಕಾಟಕ್ಕೆ ಇದೇ ಆಗುತ್ತೆ.

ಬ್ರಷ್ ಕಟರ್‌ನದು ಸೂಕ್ಷ್ಮ. ಎರಡೂ ಬದಿ ಮುಚ್ಚಳ ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೊ ತೆಗೀರಿ. ಗ್ಯಾಸ್ಕೆಟ್ ಮೊದಲೋ ಡಯಾಫ್ರಂ ಮೊದಲೋ ಅನ್ನೋದು ಎರಡು ಬದಿಯಲ್ಲೂ ಒಂದೇ ಥರ ಇರಲ್ಲ, ಹಿಂದುಮುಂದಾದರೆ ಎಂಜಿನ್ ಏಳಲ್ಲ. ಡಯಾಫ್ರಂ ಮೆದುವಾಗಿ ಬಾಳೆ ಎಲೆಯಂತೆ ಬಾಗಬೇಕು. ಪ್ಲಾಸ್ಟಿಕ್ ಹಾಳೆಯಂತೆ ಚರಚರ ಅಂದರೆ ಆಯುಷ್ಯ ಮುಗೀತು. ರಿಪೇರಿ ಕಿಟ್ ಅಂತ ಕೇಳಿದರೆ ಚಳ್ಳಕೆರೆಯಲ್ಲೂ ಸಿಗುತ್ತೆ, ಕಾರ್ಬ್ಯುರೇಟರ್ ಮೇಲಿನ ನಂಬರ್ ಬರೆದುಕೊಂಡು ಹೋಗಿ. ಡಯಾಫ್ರಂ ಇರೋವಾಗ ಸ್ಪ್ರೇಯಾಗಲಿ ಜೋರು ಗಾಳಿಯಾಗಲಿ ಹೊಡೆಯಬೇಡಿ, ಹರಿದು ಹೋಗುತ್ತೆ. ಒಳಗಿನ ಪುಟ್ಟ ಸನ್ನೆಯನ್ನು ಬಗ್ಗಿಸೋಕೂ ಹೋಗಬೇಡಿ.

ಈಗ ಸ್ಕ್ರೂ

ಬ್ರಷ್ ಕಟರ್‌ನಲ್ಲಿ ಸಾಮಾನ್ಯವಾಗಿ ಮೂರು. ‘ಎಲ್’ ನಿಧಾನ ವೇಗದ ಪೆಟ್ರೋಲ್, ‘ಎಚ್’ ಜೋರು ವೇಗದ ಪೆಟ್ರೋಲ್, ‘ಟಿ’ ಬರೀ ಐಡಲ್ ವೇಗ. ಎಲ್, ಎಚ್ ಎರಡನ್ನೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಟಿ ಬಲಕ್ಕೆ ತಿರುಗಿಸಿದರೆ ಐಡಲ್ ಏರುತ್ತೆ. ಹೊಸ ಮಿಷನ್‌ಗಳಲ್ಲಿ ಹಲ್ಲು ಹಲ್ಲಾದ ಇಲ್ಲವೇ ‘ಡಿ’ ಆಕಾರದ ತಲೆ ಇರುತ್ತೆ, ಅದಕ್ಕೆ ಬೇರೆ ಸ್ಕ್ರೂಡ್ರೈವರ್ ಬೇಕು. ಕೆಲವಕ್ಕೆ ಪ್ಲಾಸ್ಟಿಕ್ ಟೋಪಿ ಹಾಕಿ ಇಷ್ಟೇ ತಿರುಗಲಿ ಅಂತ ಮಿತಿ ಇಟ್ಟಿರ್ತಾರೆ. ಬಲವಂತ ಬೇಡ.

ಮುಟ್ಟೋ ಮುಂಚೆ ಈಗ ಎಷ್ಟಿದೆ ಅಂತ ತಿಳ್ಕೊಳ್ಳಿ. ಮೆಲ್ಲಗೆ ಬಲಕ್ಕೆ ತಿರುಗಿಸುತ್ತಾ ಕೂರೋವರೆಗೆ ಎಷ್ಟು ಸುತ್ತು ಅಂತ ಎಣಿಸಿ, ಬರೆದಿಟ್ಟು, ಅಷ್ಟೇ ವಾಪಸ್ ಬಿಡಿ. ಎಲ್ಲಾ ಕೆಟ್ಟರೂ ಅಲ್ಲಿಗೆ ಮರಳಬಹುದು. ಕೂತ ಮೇಲೆ ಒತ್ತಬಾರದು, ತುದಿ ಚೂಪಾಗಿರುತ್ತೆ, ಒತ್ತಿದರೆ ಗುಳಿ ಬೀಳುತ್ತೆ. ಹಿಂದಿನವರು ಯಾರೋ ಎಲ್ಲ ಕಲಸಿಟ್ಟಿದ್ದರೆ ಎರಡನ್ನೂ ಕೂರಿಸಿ ಒಂದರಿಂದ ಒಂದೂಕಾಲು ಸುತ್ತು ಎಡಕ್ಕೆ ಬಿಟ್ಟು ಶುರು ಮಾಡಿ. ಹೆಚ್ಚಿನವು ಅಷ್ಟಕ್ಕೆ ಸ್ಟಾರ್ಟ್ ಆಗುತ್ತವೆ.

ಶುದ್ಧ ಫಿಲ್ಟರ್, ಹೊಸ ಪೆಟ್ರೋಲ್, ಗಾರ್ಡ್ ಮತ್ತು ನೈಲಾನ್ ದಾರದ ಹೆಡ್ ಹಾಕಿ, ಮಕ್ಕಳು ದನಕರು ದೂರ ಇರುವ ಕಡೆ ಐದು ನಿಮಿಷ ಓಡಿಸಿ ಬಿಸಿ ಮಾಡಿ. ತಣ್ಣಗಿದ್ದಾಗ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ಸುಳ್ಳಾಗುತ್ತೆ.

ಐಡಲ್‌ನಲ್ಲಿ ಬಿಟ್ಟು ಎಲ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಲಕ್ಕೆ, ಎಡಕ್ಕೆ ಆಡಿಸಿ. ಎಲ್ಲಿ ಐಡಲ್ ಅತಿ ಜೋರಾಗಿ ಕೇಳುತ್ತೋ ಅಲ್ಲಿಂದ ಎಡಕ್ಕೆ ಕಾಲು ಸುತ್ತಿಗಿಂತ ಕಡಿಮೆ ಬಿಡಿ. ಈಗ ಟಿ ತಿರುಗಿಸಿ ಐಡಲ್ ಇಳಿಸಿ. ಎಂಜಿನ್ ನಿಲ್ಲಬಾರದು, ಆದರೆ ಬ್ಲೇಡಾಗಲಿ ದಾರವಾಗಲಿ ತಿರುಗಬಾರದು. ಐಡಲ್‌ನಲ್ಲಿ ಬ್ಲೇಡ್ ತಿರುಗೋ ಮಿಷನ್ ಹೆಗಲಿಗೆ ಹಾಕ್ಕೊಂಡು ಬದು ದಾಟೋರನ್ನ ನೋಡಿದ್ದೀನಿ, ಕಾಲು ಹೋಗೋಕೆ ಎಡವಿದರೆ ಸಾಕು. ಈಗ ಥಟ್ಟನೆ ರೇಸ್ ಕೊಡಿ. ತಡವರಿಸದೆ ಏರಬೇಕು. ‘ಬುವ್ವ್’ ಅಂತ ಕುಗ್ಗಿದರೆ ಎಲ್ ಇನ್ನೊಂದು ಎಳೆ ಎಡಕ್ಕೆ.

ಎಚ್‌ಗೆ ಕಿವಿ ಬೇಕು. ಪೂರ್ತಿ ರೇಸ್ ಐದಾರು ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ. ಎಡಕ್ಕೆ ಬಿಡುತ್ತಾ ಹೋದರೆ ದನಿ ನುಣ್ಣಗಿದ್ದದ್ದು ಒಡೆದು ‘ಬರ್‌ರ್’ ಅಂತ ತೊದಲುತ್ತೆ. ಅದು ರಿಚ್ ಕಡೆ. ಬಲಕ್ಕೆ ಹೋದರೆ ನುಣುಪಾಗಿ, ಆಮೇಲೆ ಕೀಚಲಾಗುತ್ತೆ. ಅದೇ ನನ್ನ ಪಿಸ್ಟನ್ ತಿಂದ ದನಿ. ನೀವು ನಿಲ್ಲಿಸಬೇಕಾದ್ದು ಖಾಲಿ ಓಡುವಾಗ ಒಂಚೂರು ತೊದಲೋ ಕಡೆ, ಹುಲ್ಲಿಗೆ ಇಟ್ಟಾಗ ಆ ತೊದಲು ಹೋಗಿ ನುಣುಪಾಗೋ ಕಡೆ. ಹುಲ್ಲಿಗೆ ಇಟ್ಟರೂ ತೊದಲಿದರೆ ಒಂದೆಳೆ ಬಲಕ್ಕೆ. ಒಂದು ಟ್ಯಾಂಕ್ ಓಡಿಸಿ ಪ್ಲಗ್ ಬಿಚ್ಚಿ ಬಣ್ಣ ನೋಡಿ.

ಯಾವ ಸ್ಕ್ರೂಗೂ ಬಗ್ಗದೆ ಐಡಲ್ ತಾನಾಗೇ ಏರುತ್ತಿದ್ದರೆ, ರೇಸ್ ಬಿಟ್ಟ ಮೇಲೂ ಜೋರಾಗಿಯೇ ಉಳಿದರೆ, ಅದು ಟ್ಯೂನಿಂಗ್ ತೊಂದರೆ ಅಲ್ಲ. ಕಾರ್ಬ್ಯುರೇಟರ್, ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಎಲ್ಲೋ ಗಾಳಿ ಎಳೆಯುತ್ತಿದೆ. ಬೋಲ್ಟ್ ಬಿಗಿ ನೋಡಿ, ಜೋಡಣೆಯ ಸುತ್ತ ಸೋಪಿನ ನೀರು ಒಂದೆರಡು ಹನಿ ಬಿಡಿ, ದನಿ ಬದಲಾದರೆ ಅಲ್ಲೇ ಸೋರಿಕೆ. ಬಿಸಿಯಾದ ಮೇಲೂ ಅರ್ಧ ಚೋಕ್ ಇಟ್ಟರೆ ಮಾತ್ರ ಓಡೋದು ಕೂಡ ಇದರ ಗುರುತು, ಇಲ್ಲವೇ ಜೆಟ್ ಅರ್ಧ ಕಟ್ಟಿರುತ್ತೆ. ವೀಡರ್‌ಗಳಲ್ಲಿ ದನಿ ಏರಿ ಇಳಿದು, ಏರಿ ಇಳಿದು ಉಯ್ಯಾಲೆ ಆಡುತ್ತಲ್ಲ, ಅದೂ ಬಹುಪಾಲು ಜೆಟ್ ಕಟ್ಟಿದ್ದೇ.

ವೀಡರ್‌ನ ಫೋರ್-ಸ್ಟ್ರೋಕ್‌ನಲ್ಲಿ ತಿರುಗಿಸೋಕೆ ಹೆಚ್ಚೇನಿಲ್ಲ. ಜೋರು ವೇಗದ ಜೆಟ್ ಅಳತೆ ಖಾಯಂ. ಐಡಲ್ ಸ್ಕ್ರೂ ಒಂದು, ಕೆಲವದರಲ್ಲಿ ಪೈಲಟ್ ಸ್ಕ್ರೂ ಒಂದು. ಗವರ್ನರ್ ಸ್ಪ್ರಿಂಗ್ ಎಳೆದು ಕಟ್ಟಿ ವೇಗ ಹೆಚ್ಚಿಸೋ ಬುದ್ಧಿವಂತಿಕೆ ಬೇಡ, ಕನೆಕ್ಟಿಂಗ್ ರಾಡ್ ಮುರಿದು ಹೊರಗೆ ಬಂದದ್ದನ್ನು ನೋಡಿದವರಿದ್ದಾರೆ. ಸೀಮೆಎಣ್ಣೆಯಲ್ಲಿ ಓಡೋ ಹಳೇ ಪಂಪ್ ಇದ್ದವರು ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಬದಲಿಸಿ, ನಿಲ್ಲಿಸೋ ಮುಂಚೆ ಮತ್ತೆ ಪೆಟ್ರೋಲ್‌ಗೆ ತಂದು ಎರಡು ನಿಮಿಷ ಓಡಿಸಿ. ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮಾರನೇ ದಿನ ಹಗ್ಗ ಎಳೆದೂ ಎಳೆದೂ ಹೆಗಲು ಬಿದ್ದು ಹೋಗುತ್ತೆ.

ಸುಗ್ಗಿ ಮುಗಿದ ಮೇಲೆ

ಕಳೆ ಕೆಲಸ ಮುಗಿದ ದಿನವೇ, ನಾಳೆ ನೋಡೋಣ ಅನ್ನದೆ, ಟ್ಯಾಂಕ್ ಬಸಿದು ಬಿಡಿ. ವೀಡರ್ ಆದರೆ ಬಟ್ಟಲಿನ ತಳದ ಬೋಲ್ಟ್ ಸಡಿಲಿಸಿ ಅದನ್ನೂ ಖಾಲಿ ಮಾಡಿ. ಬ್ರಷ್ ಕಟರ್ ಆದರೆ ಟ್ಯಾಂಕ್ ಖಾಲಿ ಮಾಡಿ, ಪ್ರೈಮರ್ ಬಲ್ಬ್ ಹತ್ತು ಸಲ ಒತ್ತಿ, ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ತಾನಾಗಿ ನಿಲ್ಲೋವರೆಗೆ ಬಿಡಿ, ರೇಸ್ ಕೊಡಬೇಡಿ. ಪ್ಲಗ್ ತೂತಿಗೆ ಅರ್ಧ ಚಮಚ ಟೂ-ಟಿ ಎಣ್ಣೆ ಬಿಟ್ಟು, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಹಾಕಿ. ಗಾಳಿ ಬರೋ ಬಾಯಿಗೆ ಬಟ್ಟೆ ಕಟ್ಟಿ. ಹೋದ ವರ್ಷ ನನ್ನ ವೀಡರ್‌ನ ಫಿಲ್ಟರ್ ಡಬ್ಬಿಯಲ್ಲಿ ಇಲಿ ಶೇಂಗಾ ಸಿಪ್ಪೆ ತುಂಬಿ ಮನೆ ಮಾಡಿತ್ತು.

ಮಿಷನ್ ಮೇಲೆ ಒಂದು ಚೀಟಿ ಅಂಟಿಸಿ: ಎಣ್ಣೆ ಎಷ್ಟಕ್ಕೆ ಎಷ್ಟು, ಎಲ್ ಎಷ್ಟು ಸುತ್ತು, ಎಚ್ ಎಷ್ಟು ಸುತ್ತು, ಪೆಟ್ರೋಲ್ ಬಸಿದ ತಾರೀಕು. ನನ್ನ ಕಟರ್ ಮೇಲೆ ಈಗ ಬರೆದಿರೋದು: 50ಕ್ಕೆ 1, ಎಲ್ ಒಂದೂಕಾಲು, ಎಚ್ ಒಂದು ಸುತ್ತು ಎರಡೆಳೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, “ಮೊದಲು ಫಿಲ್ಟರ್.”